ಸಾಲಿನ ಅಂತರವನ್ನು ಫಾಂಟಿನ ಪಾಲಿಗೆ ಬಿಡಬೇಡಿ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಡಿಟಿಪಿ ಬಂಧುಗಳಿಗೆ ಮತ್ತು ಸ್ಮರಣ ಸಂಚಿಕೆಗಳ ಸಂಪಾದಕ ಸಮಿತಿಗಳವರಿಗೆ,



ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಿಮ್ಮ ಮೇಜಿಗೆ ಬಿಡುವಿಲ್ಲ. ಬ್ರಹ್ಮಕಲಶೋತ್ಸವದ ಆಮಂತ್ರಣ, ನೇಮೋತ್ಸವದ ಕರಪತ್ರ, ಶಾಲೆಯ ಶತಮಾನೋತ್ಸವದ ಸಂಚಿಕೆ, ಹಿರಿಯರೊಬ್ಬರ ಅಭಿನಂದನ ಗ್ರಂಥ ಒಂದರ ಹಿಂದೆ ಒಂದು ಬರುತ್ತವೆ. ಮಳೆಗಾಲ ಹಿಡಿದರೆ ಸಹಕಾರಿ ಸಂಘಗಳ ವಾರ್ಷಿಕ ವರದಿ, ವರ್ಷವಿಡೀ ಕಾಲೇಜು ಮಕ್ಕಳ ಪ್ರಾಜೆಕ್ಟ್. ಇವುಗಳ ಮುಖಪುಟ ಈಗ ಯಾವ ಊರಿನ ಕೆಲಸಕ್ಕೂ ಕಡಿಮೆಯಿಲ್ಲ. ಬಣ್ಣ, ಚಿತ್ರ, ಕಾಗದ ಎಲ್ಲ ಸುಧಾರಿಸಿದೆ. ಆದರೆ ಒಳಪುಟ ತೆರೆದರೆ ಸಾಲುಗಳು ಒಂದೆಡೆ ಒತ್ತಾಗಿ, ಇನ್ನೊಂದೆಡೆ ಸಡಿಲವಾಗಿ ನಿಂತಿರುತ್ತವೆ. ಒಂದೇ ಪ್ಯಾರಾದಲ್ಲಿ ಮೂರು ಸಾಲು ಹತ್ತಿರ, ನಾಲ್ಕನೆಯದು ದೂರ, ಕೊನೆಯದು ಮತ್ತೂ ದೂರ. ಇದಕ್ಕೆ ಖಚಿತವಾದ ಕಾರಣವಿದೆ, ಅಷ್ಟೇ ಖಚಿತವಾದ ಪರಿಹಾರವೂ ಇದೆ. ಆ ಪರಿಹಾರ ಪೂರ್ತಿಯಾಗಿ ನಿಮ್ಮ ಕೈಯಲ್ಲಿರುವುದರಿಂದಲೇ ಈ ಪತ್ರ. ನಾನು ಹೇಳಬೇಕೆಂದಿರುವುದು ಇಷ್ಟು: ಕನ್ನಡದ ಬರಹಕ್ಕೆ ಸಾಲಿನ ಅಂತರವನ್ನು ‘ಸಿಂಗಲ್’, ‘ಒಂದೂವರೆ’ ಎಂದು ಹೇಳಿ ಕೈಬಿಡಬಾರದು. ಇಷ್ಟು ಪಾಯಿಂಟ್ ಎಂದು ನೀವೇ ಗೊತ್ತು ಮಾಡಬೇಕು, ಅದನ್ನು ಸ್ಟೈಲಿನಲ್ಲೇ ಕೂರಿಸಬೇಕು.

ಮೊದಲು ಬೇರೂರಿರುವ ಒಂದು ನಂಬಿಕೆಯನ್ನು ಬಿಡಿಸಬೇಕು. ಸಾಲುಗಳು ಹೆಚ್ಚುಕಡಿಮೆಯಾದಾಗ ಅಪವಾದ ಒತ್ತಕ್ಷರದ ಮೇಲೆ ಬರುತ್ತದೆ. ‘ರಾಷ್ಟ್ರ’, ‘ಶಾಸ್ತ್ರೀಯ’, ‘ವಸ್ತ್ರ’ದಂಥ ಪದ ಬಂದಲ್ಲಿ ಕೆಳಗೆ ಎರಡು ಒತ್ತು ಇಳಿಯುತ್ತವೆ, ಅದಕ್ಕೇ ಆ ಸಾಲು ಅಗಲವಾಗುತ್ತದೆ, ಕನ್ನಡ ಲಿಪಿಯೇ ಹಾಗೆ ಎಂದು ಹೇಳುತ್ತಾರೆ. ಪರೀಕ್ಷೆ ಸುಲಭ. ಹೊಸ ಕಡತ ತೆರೆದು, ಒಂದೇ ಫಾಂಟಿನಲ್ಲಿ, ಒಂದೇ ಗಾತ್ರದಲ್ಲಿ ‘ಅವನ ಮನೆ ಅದು’ ಎಂಬುದನ್ನೇ ನಾಲ್ಕು ಸಾಲು ಟೈಪ್ ಮಾಡಿ, ಅದರ ಕೆಳಗೆ ‘ರಾಷ್ಟ್ರ ಶಾಸ್ತ್ರ ವಸ್ತ್ರ’ ಎಂದು ನಾಲ್ಕು ಸಾಲು ಹಾಕಿ ಅಳೆದು ನೋಡಿ. ಎರಡು ಕಡೆಯೂ ಅಂತರ ಒಂದೇ ಇರುತ್ತದೆ. ಏಕೆಂದರೆ ವರ್ಡ್ ಆಗಲಿ ಲಿಬ್ರೆ ಆಫೀಸ್ ಆಗಲಿ ಸಾಲಿನಲ್ಲಿ ಯಾವ ಅಕ್ಷರ ಕೂತಿದೆ ಎಂದು ನೋಡಿ ಎತ್ತರ ಕೊಡುವುದಿಲ್ಲ. ಪ್ರತಿ ಫಾಂಟಿನೊಳಗೂ ಅದನ್ನು ಮಾಡಿದವರು ‘ನನಗೆ ಮೇಲೆ ಇಷ್ಟು ಜಾಗ, ಕೆಳಗೆ ಇಷ್ಟು ಜಾಗ ಬೇಕು’ ಎಂದು ಬರೆದಿಟ್ಟ ಅಳತೆಯಿದೆ. ತಂತ್ರಾಂಶ ಓದುವುದು ಆ ಅಳತೆಯನ್ನು. ಕನ್ನಡ ಫಾಂಟುಗಳಲ್ಲಿ ಅದು ದೊಡ್ಡದಿರುತ್ತದೆ, ಒತ್ತುಗಳಿಗೆ ಜಾಗ ಬೇಕಲ್ಲ. ಆದರೆ ಒತ್ತು ಇರಲಿ ಬಿಡಲಿ, ಎಲ್ಲ ಸಾಲಿಗೂ ಅಷ್ಟೇ ದೊಡ್ಡದು. ಹಾಗಾದರೆ ಒಂದೇ ಪ್ಯಾರಾದೊಳಗೆ ಏರುಪೇರು ಬರುವುದು ಒಂದೇ ದಾರಿಯಲ್ಲಿ: ಒಂದು ಸಾಲಿನೊಳಗೆ ಎರಡನೆಯ ಫಾಂಟು ಅಥವಾ ಎರಡನೆಯ ಗಾತ್ರ ನುಸುಳಿರಬೇಕು. ಸಾಲಿನಲ್ಲಿರುವ ಅತ್ಯಂತ ಎತ್ತರದ ಫಾಂಟಿನ ಅಳತೆಯೇ ಇಡೀ ಸಾಲಿನ ಅಳತೆಯಾಗುತ್ತದೆ.

ಈ ನುಸುಳುವಿಕೆ ನಮ್ಮ ಸೀಮೆಯ ಮುದ್ರಣದಲ್ಲಿ ಹೇಗೆ ಆಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದೇವಸ್ಥಾನದ ಆಮಂತ್ರಣದ ತಲೆಗೆ ‘॥ ಶ್ರೀ ॥’ ಇರುತ್ತದೆ, ಒಳಗೆ ಶ್ಲೋಕಗಳ ಕೊನೆಗೆ ಒಂಟಿ ಗೆರೆ, ಜೋಡಿ ಗೆರೆ. ಯುನಿಕೋಡಿನಲ್ಲಿ ಈ ಗೆರೆಗಳಿಗೆ ಕನ್ನಡದ ಮನೆಯಲ್ಲಿ ಸ್ಥಾನವಿಲ್ಲ. ದೇವನಾಗರಿಯ ಭಾಗದಲ್ಲಿರುವುದನ್ನೇ ಭಾರತದ ಲಿಪಿಗಳೆಲ್ಲ ಹಂಚಿಕೊಳ್ಳಬೇಕು. ನೀವು ಆರಿಸಿದ ಕನ್ನಡ ಫಾಂಟಿನಲ್ಲಿ ಆ ಗೆರೆ ಇಲ್ಲದಿದ್ದರೆ ಕಂಪ್ಯೂಟರ್ ಸದ್ದಿಲ್ಲದೆ ಬೇರೆ ಫಾಂಟಿನಿಂದ ತಂದು ಹಾಕುತ್ತದೆ, ಆ ಸಾಲು ಉಳಿದವುಗಳಿಗಿಂತ ಬೇರೆಯಾಗುತ್ತದೆ. ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ ರೂಪಾಯಿ ಚಿಹ್ನೆಯದೂ ಇದೇ ಕಥೆ. ಅದು ಯುನಿಕೋಡಿಗೆ ಸೇರಿದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಿಗೆ ಅದರ ಪರಿಚಯವೇ ಇಲ್ಲ. ಅಂಥ ಪಟ್ಟಿಯಲ್ಲಿ ಮೊತ್ತ ಬರೆದ ಹೆಸರುಗಳು ದೂರ ದೂರ, ‘ಹೊರೆಕಾಣಿಕೆ’ ಎಂದು ಬರೆದ ಹೆಸರುಗಳು ಹತ್ತಿರ ಹತ್ತಿರ ಬಂದು, ದಾನಿಗಳನ್ನು ದರ್ಜೆ ಮಾಡಿದಂತೆ ಕಾಣುತ್ತದೆ. ಮೊಬೈಲ್ ನಂಬರು, ಇಸವಿ, ‘ಎಂ.ಕಾಂ.’ ಬದಲಿಗೆ ಇಂಗ್ಲಿಷಿನಲ್ಲೇ ಬಿಟ್ಟ ಪದವಿ, ಇವೆಲ್ಲ ಟೈಮ್ಸ್ ನ್ಯೂ ರೋಮನ್‌ನಲ್ಲಿ ಉಳಿದಿರುತ್ತವೆ. ಆ ಫಾಂಟಿನ ಸಹಜ ಸಾಲು 12 ಪಾಯಿಂಟಿಗೆ ಸುಮಾರು 13.8 ಪಾಯಿಂಟ್ ಮಾತ್ರ. ಕನ್ನಡದ ಫಾಂಟುಗಳು ಅದಕ್ಕಿಂತ ಹೆಚ್ಚು ಕೇಳುತ್ತವೆ. ಹೀಗಾಗಿ ಬರೇ ಅಂಕೆ, ಇಂಗ್ಲಿಷ್ ಇರುವ ಸಾಲು ಕುಗ್ಗುತ್ತದೆ, ಒಂದೇ ಒಂದು ಕನ್ನಡ ಪದ ಬಿದ್ದ ಸಾಲು ಹಿಗ್ಗುತ್ತದೆ. ಎಲ್ಲಕ್ಕಿಂತ ಕಣ್ತಪ್ಪಿಸುವುದು ಕಾಣದ ಅಕ್ಷರಗಳು. ಪದಗಳ ನಡುವಿನ ಖಾಲಿ ಜಾಗಕ್ಕೂ ಫಾಂಟಿದೆ, ಪ್ಯಾರಾ ಮುಗಿಸುವ ಎಂಟರ್ ಗುರುತಿಗೂ ಫಾಂಟಿದೆ, ಗಾತ್ರವಿದೆ. ಪ್ಯಾರಾದ ಕೊನೆಯ ಸಾಲು ಮಾತ್ರ ಕಾರಣವಿಲ್ಲದೆ ಸಡಿಲವಾಗಿದ್ದರೆ ಆ ಗುರುತನ್ನು ಸಂಶಯಿಸಿ. ಕಂಟ್ರೋಲ್, ಶಿಫ್ಟ್ ಜೊತೆ 8 ಒತ್ತಿದರೆ ಅದು ಕಣ್ಣಿಗೆ ಬೀಳುತ್ತದೆ.

ಇದರ ಮೇಲೆ ಬರಹ ಬರುವ ದಾರಿಯೊಂದು ಸೇರಿಕೊಂಡಿದೆ. ಸಂಚಿಕೆಗೆ ಹತ್ತು ಜನ ಬರೆಯುತ್ತಾರೆ. ಒಬ್ಬರ ಲೇಖನ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಇನ್ನೊಬ್ಬರದು ‘ಬರಹ’ ತಂತ್ರಾಂಶದಲ್ಲಿ, ಸ್ವಾಮೀಜಿಯವರ ಆಶೀರ್ವಚನ ವಾಟ್ಸಾಪ್‌ನಲ್ಲಿ, ಶಾಸಕರ ಶುಭಸಂದೇಶ ಮಿಂಚಂಚೆಯಲ್ಲಿ. ಪ್ರತಿಯೊಂದೂ ತನ್ನ ಅಂತರವನ್ನು ಹೊತ್ತುಕೊಂಡೇ ಬರುತ್ತದೆ. ಒಂದೇ ವರ್ಡ್ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳೂ ಒಂದೇ ಅಲ್ಲ. 2003ರ ವರ್ಡ್ ಹೊಸ ಕಡತಕ್ಕೆ ಸಿಂಗಲ್ ಅಂತರ ಕೊಡುತ್ತಿತ್ತು, 2007ರದು 1.15 ಪಟ್ಟು ಮತ್ತು ಪ್ಯಾರಾದ ಕೆಳಗೆ 10 ಪಾಯಿಂಟ್, 2013ರದು 1.08 ಪಟ್ಟು ಮತ್ತು 8 ಪಾಯಿಂಟ್. ಯಾರೂ ಏನೂ ತಪ್ಪು ಮಾಡದೆ, ಬರೇ ಬೇರೆ ಬೇರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರಿಂದಲೇ ಒಂದು ಪುಸ್ತಕದೊಳಗೆ ಮೂರು ಬಗೆಯ ಪುಟ ಹುಟ್ಟುತ್ತದೆ.

ಮೊಳೆ ಜೋಡಿಸುವ ಕಾಲದಲ್ಲಿ ಈ ತೊಂದರೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಒಂದು ಅಳತೆಯ ಅಚ್ಚುಮೊಳೆಗಳ ಮೈಯ ಎತ್ತರವೆಲ್ಲ ಒಂದೇ. ಸಾಲಿನ ನಡುವೆ ಇಡುವ ಸೀಸದ ಪಟ್ಟಿಯೂ ಅಳತೆ ಮಾಡಿದ್ದು. ಇಂದಿಗೂ ಅಂತರಕ್ಕೆ ‘ಲೆಡಿಂಗ್’ ಎನ್ನುವುದು ಆ ಸೀಸದಿಂದಲೇ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಕನ್ನಡ ಮತ್ತು ರೋಮನ್ ಅಕ್ಷರಗಳು ಪುಟ ಪುಟಕ್ಕೂ ಒಂದೇ ಸಾಲಿನಲ್ಲಿ ಬೆರೆಯುತ್ತವೆ. ಮೊಳೆ ಜೋಡಿಸುವವರು ಎರಡು ಲಿಪಿಗೂ ಒಂದೇ ಅಳತೆಯ ಮೈ ಹುಡುಕಬೇಕಿತ್ತು, ಇಲ್ಲದಿದ್ದರೆ ಸಾಲು ಬಿಗಿಯಾಗಿ ನಿಲ್ಲುತ್ತಲೇ ಇರಲಿಲ್ಲ. ಲೋಹವೇ ಅವರನ್ನು ಅಳತೆಗೆ ಕಟ್ಟಿಹಾಕಿತ್ತು. ಆಮೇಲೆ ಬೆರಳಚ್ಚು ಯಂತ್ರ ಬಂತು. ಅದರಲ್ಲಿ ಸಾಲು ಜರುಗುವುದು ಹಲ್ಲಿನ ಚಕ್ರದಿಂದ. ಇಂಗ್ಲಿಷ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಂಚಿಗೆ 6 ಸಾಲು, ಅಂದರೆ ಸಾಲಿಗೆ 12 ಪಾಯಿಂಟ್. ‘ಡಬಲ್ ಸ್ಪೇಸ್’ ಎಂದರೆ 24 ಪಾಯಿಂಟ್. ಅಕ್ಷರ ಯಾವುದೇ ಇರಲಿ, ಚಕ್ರ ತಿರುಗುವುದು ಅಷ್ಟೇ. ಇದನ್ನು ಒತ್ತಿ ಹೇಳಲು ಕಾರಣವಿದೆ. ವಿಶ್ವವಿದ್ಯಾಲಯಗಳು ಮಹಾಪ್ರಬಂಧಕ್ಕೆ ‘ಒಂದೂವರೆ ಅಂತರ’, ‘ಎರಡರ ಅಂತರ’ ಎಂದು ಇಂದಿಗೂ ಕೇಳುವ ನಿಯಮ ಆ ಯಂತ್ರದ ಕಾಲದ್ದು. ಆಗ ಅದು ಖಚಿತವಾದ ಅಳತೆ. ವರ್ಡ್‌ನಲ್ಲಿ ಒಂದೂವರೆ ಎಂದರೆ ಫಾಂಟಿನ ಸ್ವಂತ ಅಳತೆಯ ಒಂದೂವರೆ ಪಟ್ಟು, ಅಂದರೆ ಫಾಂಟು ಬದಲಾದಂತೆ ಬದಲಾಗುವ ಸಂಖ್ಯೆ. ಮಾತು ಉಳಿಯಿತು, ಅಳತೆ ಹೋಯಿತು.

ಮಣಿಪಾಲದವರಿಗೆ ಅಳತೆಯ ಪಾಠ ಹೊಸದಲ್ಲ. ಮಣಿಪಾಲ್ ಪವರ್ ಪ್ರೆಸ್ 1941ರದು, ಉದಯವಾಣಿ ಹೊರಟದ್ದು 1970ರ ಜನವರಿ 1ರಂದು. ನಾಡಿನ ಉದ್ದಗಲಕ್ಕೂ ಅಚ್ಚುಕಟ್ಟಾದ ಅಚ್ಚಿಗೆ ಹೆಸರು ಮಾಡಿದ ಊರು ಇದು. ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ, ‘ಸೇಡಿಯಾಪು’ ತಂತ್ರಾಂಶ ಮಾಡಿ ಹಂಚಿದ ಕೆ.ಪಿ. ರಾವ್ ಅವರ ಕೆಲಸಕ್ಕೂ ಮಣಿಪಾಲದ ನಂಟಿದೆ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದಕ್ಕೆ ಇಷ್ಟು ಶ್ರಮ ಸುರಿದ ನೆಲದಲ್ಲಿ, ಮೂಡಿದ ಕನ್ನಡವನ್ನು ಸಾಲಿನಲ್ಲಿ ನಿಲ್ಲಿಸುವ ಕೆಲಸ ಹಿಂದೆ ಬಿದ್ದಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಪರಿಹಾರಕ್ಕೆ ಬರುತ್ತೇನೆ. ಪ್ಯಾರಾಗ್ರಾಫ್ ಪೆಟ್ಟಿಗೆಯಲ್ಲಿ ಲೈನ್ ಸ್ಪೇಸಿಂಗ್ ಎಂಬಲ್ಲಿ ‘ಎಕ್ಸಾಕ್ಟ್ಲಿ’ ಆರಿಸಿ ಪಾಯಿಂಟ್ ಕೊಡಿ. ಲಿಬ್ರೆ ಆಫೀಸಿನಲ್ಲಿ ಇದಕ್ಕೆ ‘ಫಿಕ್ಸೆಡ್’ ಎನ್ನುತ್ತಾರೆ. ಅದರ ಪಕ್ಕದ ‘ಅಟ್ ಲೀಸ್ಟ್’ ಬೇಡ, ಅದು ಕನಿಷ್ಠವನ್ನು ಮಾತ್ರ ಕಾಯುತ್ತದೆ, ಎತ್ತರದ ಫಾಂಟು ಬಂದರೆ ಮತ್ತೆ ಹಿಗ್ಗುತ್ತದೆ. ಡೆಮಿ ಅಷ್ಟಕದ ಪುಟವನ್ನೇ ತೆಗೆದುಕೊಳ್ಳಿ. ಎತ್ತರ ಎಂಟೂವರೆ ಇಂಚು. ಮೇಲೆ ಕೆಳಗೆ ಮುಕ್ಕಾಲು ಇಂಚು ಬಿಟ್ಟರೆ ಬರಹಕ್ಕೆ 7 ಇಂಚು, ಅಂದರೆ 504 ಪಾಯಿಂಟ್. 12 ಪಾಯಿಂಟಿನ ಕನ್ನಡಕ್ಕೆ 18 ಪಾಯಿಂಟ್ ಅಂತರ ಕೊಟ್ಟರೆ ಸರಿಯಾಗಿ 28 ಸಾಲು, ಮಿಕ್ಕುವುದೂ ಇಲ್ಲ, ಕೊರತೆಯೂ ಇಲ್ಲ. ಪ್ಯಾರಾಗಳ ನಡುವೆ ಜಾಗ ಬೇಕಿದ್ದರೆ ಎಂಟರ್ ಒತ್ತಬೇಡಿ. ‘ಆಫ್ಟರ್’ ಎಂಬಲ್ಲಿ 9 ಅಥವಾ 18 ಕೊಡಿ, ಅರ್ಧ ಸಾಲು ಇಲ್ಲವೇ ಇಡೀ ಸಾಲು. ಇದನ್ನೆಲ್ಲ ಪ್ಯಾರಾ ಪ್ಯಾರಾಕ್ಕೆ ಹಾಕುತ್ತಾ ಕೂತರೆ ಮತ್ತೆ ಅದೇ ಗೊಂದಲ. ನಾರ್ಮಲ್ ಸ್ಟೈಲನ್ನೇ ಒಮ್ಮೆ ತಿದ್ದಿ, ಹೊರಗಿನಿಂದ ಬಂದದ್ದನ್ನು ಬರೇ ಪಠ್ಯವಾಗಿ ಅಂಟಿಸಿ. ಹಳೆಯ ಕಡತವಾದರೆ ಎಲ್ಲವನ್ನೂ ಆರಿಸಿ ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಪ್ಯಾರಾಗಳಿಗೆ ಅಂಟಿಕೊಂಡ ಬಿಡಿ ಹೊಂದಾಣಿಕೆಗಳು ಕಳಚಿ ಸ್ಟೈಲಿನದ್ದು ಮಾತ್ರ ಉಳಿಯುತ್ತದೆ. ಕೈಯಿಂದ ಮಾಡಿದ ಮಧ್ಯ ಜೋಡಣೆ, ಅಂಚುಗಳೂ ಆಗ ಹೋಗುತ್ತವೆ. ಶೀರ್ಷಿಕೆಗಳಿಗೆ ಬೇರೆ ಸ್ಟೈಲ್ ಮಾಡಿಟ್ಟುಕೊಂಡರೆ ಅದು ನಷ್ಟವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ‘ಎಕ್ಸಾಕ್ಟ್ಲಿ’ ಹಾಕಿದರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ, ಅದಕ್ಕೇ ಯಾರೂ ಮುಟ್ಟುವುದಿಲ್ಲ ಎನ್ನುತ್ತೀರಿ. ಕತ್ತರಿಸುವುದು ನಿಜ, ಕೊಟ್ಟ ಪಾಯಿಂಟ್ ಸಾಲದಿದ್ದಾಗ. ಇಂಗ್ಲಿಷಿನ ರೂಢಿಯಂತೆ 12ಕ್ಕೆ 14 ಅಥವಾ 14.4 ಕೊಟ್ಟರೆ ‘ರಾಷ್ಟ್ರ’ದ ಕೊನೆಯ ಒತ್ತು ಕೆಳಗಿನ ಸಾಲಿನ ‘ಕೀ’ಯಂಥ ಅಕ್ಷರಗಳಿಗೆ ತಾಗುತ್ತದೆ. ಕನ್ನಡಕ್ಕೆ ಬೇಕಾದದ್ದು ಹೆಚ್ಚು. ಎಷ್ಟು ಹೆಚ್ಚು ಎಂಬುದು ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಒಂದು ಪರೀಕ್ಷಾ ಪುಟ ಇಟ್ಟುಕೊಳ್ಳಿ: ಮೇಲಿನ ಸಾಲಿನಲ್ಲಿ ಎರಡೊತ್ತಿನ ಪದಗಳು, ಅದರ ಕೆಳಗಿನ ಸಾಲಿನಲ್ಲಿ ಗುಡಿಸು ದೀರ್ಘ ಏರಿದ ಪದಗಳು. ಎರಡೂ ಒಂದಕ್ಕೊಂದು ತಾಗದ ಅತಿ ಕಡಿಮೆ ಪಾಯಿಂಟ್ ಯಾವುದೋ ಅದಕ್ಕಿಂತ ಒಂದು ಹೆಚ್ಚು ಇಡಿ. ಪರದೆಯ ಮೇಲೆ ಕತ್ತರಿಸಿದಂತೆ ಕಂಡದ್ದು ಪಿಡಿಎಫ್‌ನಲ್ಲಿ ಪೂರ್ತಿಯಾಗಿರುವುದೂ ಉಂಟು, ಹಾಗಾಗಿ ಪಿಡಿಎಫ್ ಮಾಡಿಯೇ ತೀರ್ಮಾನಿಸಿ. ನಿಜವಾದ ತೊಡಕು ಚಿತ್ರಗಳದ್ದು. ಸಾಲಿನೊಳಗೆ ಕೂರಿಸಿದ ಫೋಟೋ ಈ ಹೊಂದಾಣಿಕೆಯಲ್ಲಿ ಪಟ್ಟಿಯಷ್ಟು ಮಾತ್ರ ಕಾಣುತ್ತದೆ. ಚಿತ್ರವಿರುವ ಪ್ಯಾರಾಕ್ಕೆ ಸಿಂಗಲ್ ಅಂತರದ ಬೇರೆ ಸ್ಟೈಲ್ ಇದ್ದರೆ ಅದೂ ಮುಗಿಯಿತು.

ವರ್ಡ್ ಯಾಕೆ, ನಾವು ಪೇಜ್‌ಮೇಕರಿನಲ್ಲಿ ಮಾಡುತ್ತೇವೆ, ಶ್ರೀಲಿಪಿ ಇದೆ ಎನ್ನುವವರಿದ್ದಾರೆ. ಅಲ್ಲಿ ಅಂತರ ಪಾಯಿಂಟಿನಲ್ಲೇ ಇರುವುದು ದೊಡ್ಡ ಅನುಕೂಲ, ಒಪ್ಪುತ್ತೇನೆ. ಆದರೆ ಅಲ್ಲೂ ‘ಆಟೋ’ ಬಿಟ್ಟರೆ ಅಕ್ಷರದ ಗಾತ್ರದ ಶೇಕಡಾ 120ರ ಲೆಕ್ಕ, ಒಂದು ದೊಡ್ಡ ಅಕ್ಷರ ಬಿದ್ದರೆ ಆ ಸಾಲು ದೂರ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಬಳಸುವ ಆಸ್ಕಿ ಫಾಂಟಿನ ಕಡತ ಹುಡುಕಲು ಸಿಗುವುದಿಲ್ಲ, ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಶತಮಾನೋತ್ಸವದ ಸಂಚಿಕೆಯನ್ನು ಇನ್ನು 25 ವರ್ಷದ ಮೇಲೆ ಯಾರೋ ಊರಿನ ಚರಿತ್ರೆಗಾಗಿ ಹುಡುಕುವುದು ಖಂಡಿತ. ಯುನಿಕೋಡನ್ನು ಬಿಟ್ಟು ಅಂತರ ಉಳಿಸಿಕೊಳ್ಳುವುದು ಬೇಡ, ಯುನಿಕೋಡಿನಲ್ಲೇ ಅಂತರ ಕಟ್ಟೋಣ.

ಇಷ್ಟನ್ನೆಲ್ಲ ಓದುಗ ಎಲ್ಲಿ ಗಮನಿಸುತ್ತಾನೆ ಎಂಬ ಮಾತಿಗೆ ಉತ್ತರ ಓದುವ ಕ್ರಿಯೆಯಲ್ಲೇ ಇದೆ. ಸಾಲು ಮುಗಿದ ಮೇಲೆ ಕಣ್ಣು ಎಡಕ್ಕೆ ಹಿಂದಿರುಗಿ ಮುಂದಿನ ಸಾಲಿನ ತಲೆಯನ್ನು ಹಿಡಿಯಬೇಕು. ಅಂತರ ಒಂದೇ ಸಮ ಇದ್ದರೆ ಆ ಹಾರುವಿಕೆ ಅಭ್ಯಾಸವಾಗುತ್ತದೆ, ಏರುಪೇರಾದರೆ ಪ್ರತಿ ಸಾಲಿಗೂ ಹುಡುಕಾಟ. ಸ್ಮರಣ ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಬಹುಪಾಲು ಹಿರಿಯರು, ಅವರ ಕಣ್ಣಿಗೆ ಈ ಹುಡುಕಾಟ ಭಾರ. ಅಂತರದ ಮಹತ್ವವನ್ನು ಹೊರಜಗತ್ತು ನಿಯಮದಲ್ಲೇ ಬರೆದುಕೊಂಡಿದೆ: ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಸುಗಮತೆಯ ಮಾರ್ಗಸೂಚಿಯಂತೆ, ಓದುಗ ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಏರಿಸಿಕೊಂಡರೂ ಪುಟದ ವಿಷಯ ಕೆಡಬಾರದು. ಮೇಲೆ ಹೇಳಿದ 12ಕ್ಕೆ 18 ಅದೇ ಒಂದೂವರೆ ಪಟ್ಟು. ದೃಷ್ಟಿಯಿಲ್ಲದವರು ಕಂಪ್ಯೂಟರಿನ ದನಿ ಕೇಳಿ ಓದುವಾಗ ನೀವು ಜಾಗಕ್ಕಾಗಿ ಒತ್ತಿದ ಪ್ರತಿ ಖಾಲಿ ಎಂಟರನ್ನೂ ಯಂತ್ರ ‘ಖಾಲಿ’ ಎಂದು ಕೂಗಿ ಹೇಳುತ್ತದೆ. ಅಚ್ಚಿನಲ್ಲಿ ಇನ್ನೊಂದು ಲಾಭವಿದೆ, ಅದನ್ನು ಪ್ರೆಸ್ಸಿನವರು ಬಲ್ಲರು. 60, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದಲ್ಲಿ ಹಿಂಬದಿಯ ಅಚ್ಚು ಮಸುಕಾಗಿ ಈಚೆ ಕಾಣುತ್ತದೆ. ಎರಡೂ ಬದಿಯ ಸಾಲು ಒಂದರ ಹಿಂದೆ ಒಂದು ಬಂದರೆ ಆ ಮಸುಕು ಅಕ್ಷರದ ಹಿಂದೆ ಅಡಗುತ್ತದೆ. ಅಂತರ ತಪ್ಪಿದರೆ ಸಾಲುಗಳ ನಡುವಿನ ಬಿಳಿ ಜಾಗದಲ್ಲೇ ಬಂದು ಕೂರುತ್ತದೆ, ಇಡೀ ಪುಟ ಕೊಳೆಯಾದಂತೆ ತೋರುತ್ತದೆ.

ಖರ್ಚಿನ ಮಾತೂ ಬರುತ್ತದೆ. ಅಂತರ ಹೆಚ್ಚಿಸಿದರೆ ಪುಟ ಏರುತ್ತದೆ, ಸಮಿತಿಯವರು ಒಪ್ಪುವುದಿಲ್ಲ ಎಂದು. ಲೆಕ್ಕ ಹಾಕೋಣ. ಪುಟಕ್ಕೆ 30 ಸಾಲಿನ ಬದಲು 28 ಇಟ್ಟರೆ 16 ಪುಟದ ಒಂದು ಫಾರಂನಲ್ಲಿ ಕಡಿಮೆಯಾಗುವುದು 32 ಸಾಲು, ಅಂದರೆ ಒಂದು ಪುಟಕ್ಕಿಂತ ತುಸು ಹೆಚ್ಚು. ಅದೇ ಪ್ಯಾರಾಗಳ ನಡುವೆ ಖಾಲಿ ಎಂಟರ್ ಹಾಕುವ ರೂಢಿಯಲ್ಲಿ, ಪುಟಕ್ಕೆ ಐದು ಪ್ಯಾರಾ ಎಂದು ಹಿಡಿದರೆ, ಫಾರಂ ಒಂದಕ್ಕೆ ಹೋಗುವುದು 80 ಸಾಲು. ಎಂಟರ್ ತೆಗೆದು ಅರ್ಧ ಸಾಲು ಕೊಟ್ಟರೆ ಅದರಲ್ಲಿ 40 ಮರಳಿ ಸಿಗುತ್ತದೆ, ಅಂತರ ಹೆಚ್ಚಿಸಿದ್ದರ ಬೆಲೆ ಅಲ್ಲಿಗೇ ತೀರಿತು. ಇನ್ನು ಸಮಯದ ಮಾತು: ಗಿರಾಕಿ ಎದುರಿಗೆ ನಿಂತಿರುತ್ತಾನೆ, ಪುಟದ ಲೆಕ್ಕದಲ್ಲಿ ಕೂಲಿ, ಇದು ನನಗೆ ತಿಳಿಯದ್ದಲ್ಲ. ಆದರೆ ಈ ಕೆಲಸವನ್ನು ಪ್ರತಿ ಸಲ ಮಾಡಬೇಕಾಗಿಲ್ಲ. ಆಮಂತ್ರಣಕ್ಕೊಂದು, ಸಂಚಿಕೆಗೊಂದು, ವರದಿಗೊಂದು ಟೆಂಪ್ಲೇಟ್ ಮಾಡಿಟ್ಟರೆ ಮುಂದಿನದ್ದೆಲ್ಲ ಅದರೊಳಗೆ ಸುರಿಯುವ ಕೆಲಸ. ಕಾರ್ಕಳ ತಾಲೂಕಿನ ಕಾಂತಾವರ ಕನ್ನಡ ಸಂಘ ಒಂದು ಹಳ್ಳಿಯಲ್ಲಿದ್ದುಕೊಂಡು ‘ನಾಡಿಗೆ ನಮಸ್ಕಾರ’ ಎಂಬ ಪುಸ್ತಕಮಾಲೆಯನ್ನೇ ತಂದಿದೆ. ಮಾಲೆ ಎಂದ ಮೇಲೆ ಒಂದು ಪುಸ್ತಕದ ಅಳತೆ ಇನ್ನೊಂದಕ್ಕೂ ಒದಗಬೇಕು. ನಿಮ್ಮ ಅಂಗಡಿಯಿಂದ ವರ್ಷವಿಡೀ ಹೊರಡುವ ಸಂಚಿಕೆಗಳೂ ಒಂದು ಬಗೆಯಲ್ಲಿ ಮಾಲೆಯೇ.

ನಮ್ಮ ಬರಹದಲ್ಲಿ ಲಿಪಿಗಳು ಬೆರೆಯುವುದು ತಪ್ಪದು. ಕನ್ನಡ ಲಿಪಿಯಲ್ಲಿ ತುಳು, ಕೊಂಕಣಿ, ಜೊತೆಗೆ ದೇವನಾಗರಿಯ ಶ್ಲೋಕ, ರೋಮನ್ ಅಕ್ಷರದ ವಿಳಾಸ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತಂದ ತುಳು ನಿಘಂಟು ಅಂಥ ಬೆರಕೆಯಿಲ್ಲದೆ ಸಾಧ್ಯವೇ ಇರಲಿಲ್ಲ. ಹೀಗಿರುವಾಗ ‘ಒಂದೇ ಫಾಂಟಿನಲ್ಲಿ ಮುಗಿಸಿ’ ಎಂದು ಸಲಹೆ ಕೊಡುವುದು ಅರ್ಧ ಪರಿಹಾರ. ನಿರ್ಮಲಾದಂತೆ ಕನ್ನಡವನ್ನೂ ಇಂಗ್ಲಿಷನ್ನೂ ಒಳಗೊಂಡ ಫಾಂಟು ಆರಿಸಿದರೆ ನುಸುಳುವಿಕೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಪಾಯಿಂಟಿನಲ್ಲಿ ಕಟ್ಟಿದ ಅಂತರ ಮಾತ್ರ ಯಾವ ಲಿಪಿ ಬಂದರೂ ಅಲುಗುವುದಿಲ್ಲ.

ಕೊನೆಗೆ ಸಂಪಾದಕ ಸಮಿತಿಯವರಲ್ಲಿ ಒಂದು ಮಾತು. ದೋಷವನ್ನೆಲ್ಲ ಟೈಪ್ ಮಾಡುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರಿಗೆ ಉತ್ಸವದ ಹಿಂದಿನ ವಾರ, ಹತ್ತು ಬಗೆಯ ಕಡತಗಳನ್ನು ಒಟ್ಟಿಗೆ ತಲುಪಿಸುವವರು ನೀವು. ಲೇಖಕರಿಂದ ಬರಹ ಕೇಳುವಾಗಲೇ ‘ಯುನಿಕೋಡಿನಲ್ಲಿ, ಅಲಂಕಾರವಿಲ್ಲದ ಬರೇ ಪಠ್ಯ ಕಳಿಸಿ’ ಎಂದು ಬರೆಯಿರಿ. ಪುಟದ ಅಳತೆ, ಫಾಂಟು, ಎಷ್ಟು ಪಾಯಿಂಟಿಗೆ ಎಷ್ಟು ಪಾಯಿಂಟ್ ಅಂತರ ಎಂಬುದನ್ನು ದರ ಮಾತಾಡುವ ದಿನವೇ ಚೀಟಿಯಲ್ಲಿ ಬರೆದುಕೊಡಿ, ಅದಕ್ಕೆ ತಗಲುವ ಹೆಚ್ಚಿನ ಕೂಲಿಯನ್ನೂ ಸೇರಿಸಿ. ಮೊದಲ ಪ್ರೂಫ್ ಕೈಗೆ ಬಂದಾಗ ಕಾಗುಣಿತಕ್ಕೆ ಇಳಿಯುವ ಮೊದಲು ಎದುರುಬದುರು ಪುಟಗಳ ಮೇಲೆ ಒಂದು ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿ. ಪ್ಯಾರಾಗಳ ನಡುವೆ ಕೊಟ್ಟ ಜಾಗವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಎಡಪುಟದ ಹತ್ತನೆಯ ಸಾಲು ಬಲಪುಟದ ಹತ್ತನೆಯ ಸಾಲಿಗೆ ಸರಿಯಾಗಿ ಬರದಿದ್ದರೆ, ಪ್ರೂಫ್ ತಿದ್ದದೆ ಹಾಗೆಯೇ ಹಿಂದಕ್ಕೆ ಕಳಿಸಿ.

ಇತಿ,
ನೀವು ಅಚ್ಚು ಹಾಕಿದ್ದನ್ನು ಓದುವವರಲ್ಲೊಬ್ಬ